ಪರದೆಗೆ ಬಿದ್ದ ಚಪ್ಪಾಳೆ

ನನಗೆ ಹುಚ್ಚು ಹಿಡಿದಿದೆ ಎಂದು ಪುತ್ತೂರಿಗೆ ಗೊತ್ತಾಗುವ ಮೊದಲು, ನನ್ನ ಕೈಗೆ ಒಳ್ಳೆಯ ಕಾಲ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಹಾಗೆ ನಂಬಿದವರಲ್ಲಿ ನಾನೇ ಮೊದಲಿಗ.

ಕಾಯಿಲೆ ಎಂದರೆ ನೋವು, ಜ್ವರ, ಕೆಮ್ಮು ಎಂದು ತಿಳಿದವರಿಗೆ, ಸುಖದ ವೇಷ ಹಾಕಿಕೊಂಡು ಬರುವ ಕಾಯಿಲೆಯೂ ಒಂದಿದೆ ಎಂದರೆ ನಂಬಿಕೆ ಬರುವುದಿಲ್ಲ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಣ್ಣನನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಆತ ಪಿಟೀಲು ನುಡಿಸುವವನು. ಆಸ್ಪತ್ರೆಯಿಂದ ಬಂದು ತಿಂಗಳಾಗಿದೆ, ಮಾತ್ರೆ ನುಂಗಿದರೆ ಸಂಗೀತ ಹೋಗಿಬಿಡುತ್ತದೆ ಎಂಬ ಹೆದರಿಕೆ. "ಸಾರ್, ನಿಮಗೂ ಹೀಗೇ ಆಗಿತ್ತಲ್ಲ, ಇವನಿಗೆ ಸ್ವಲ್ಪ ಹೇಳಿ" ಎಂದಳು. ಒಂದಿಷ್ಟು ಹೇಳಿದೆ. ಆತ ತಲೆ ಎತ್ತದೆ ಕೇಳಿಸಿಕೊಂಡು ಹೋದ. ಹೇಳದೆ ಉಳಿದದ್ದೇ ಹೆಚ್ಚು ಎಂದು ಆಮೇಲೆ ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಟ್ಟಂಪಾಡಿಯವನು. ಮದರಾಸು ಸರಕಾರದ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ ಪುತ್ತೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಪದ್ಮಾವತಿಯ ತವರು ಕಡಬದ ಹತ್ತಿರ. ನಾವಿಬ್ಬರೂ ಶಾಲೆಯ ಹಿಂದಿನ ಬಾಡಿಗೆ ಮನೆಯೊಂದರಲ್ಲಿದ್ದೆವು. ಶಾಲೆಯ ಕೆಲಸ ಬಿಟ್ಟರೆ ನನಗಿದ್ದ ಹುಚ್ಚು ನಾಟಕದ ಪರದೆಗಳದ್ದು (ಆಗ ಆ ಶಬ್ದವನ್ನು ಎಷ್ಟು ಹಗುರವಾಗಿ ಬಳಸುತ್ತಿದ್ದೆವು!). ಊರೂರಿನ ಯುವಕ ಸಂಘಗಳು ನಾಟಕ ಆಡುತ್ತಿದ್ದ ಕಾಲ. ವೇದಿಕೆಯ ಹಿಂದೆ ಇಳಿಬಿಡಲು ಅರಮನೆಯ ಪರದೆ, ಬೀದಿಯ ಪರದೆ, ಕಾಡಿನ ಪರದೆ ಬೇಕಾಗುತ್ತಿತ್ತು. ಪುಡಿ ಬಣ್ಣಕ್ಕೆ ಅಂಟು ಕಾಯಿಸಿ ಕಲಸಿ, ದಪ್ಪ ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಬರೆಯುವ ಕೆಲಸ. ನನ್ನ ಪರದೆಗಳು ಕೆಟ್ಟದಾಗಿರಲಿಲ್ಲ. ಅದ್ಭುತವೂ ಆಗಿರಲಿಲ್ಲ.

ಕನ್ನಡ ನಾಡು ಒಂದಾದ ಮರುವರ್ಷದ ಡಿಸೆಂಬರಿನಲ್ಲಿ ಸುಳ್ಯದ ಯುವಕ ಸಂಘವೊಂದು ಕಾಡಿನ ಪರದೆ ಬೇಕೆಂದು ಕೇಳಿತು. ಶಾಲೆಗೆ ರಜೆ. ಹೆಡ್ಮಾಸ್ಟ್ರು ಒಂದು ಕ್ಲಾಸು ಕೋಣೆಯನ್ನು ಬಿಟ್ಟುಕೊಟ್ಟರು. ಬೆಂಚುಗಳನ್ನು ಬದಿಗೆ ಸರಿಸಿ ಬಟ್ಟೆ ಹಾಸಿದೆ. ಮೊದಲ ದಿನವೇ ಏನೋ ಬೇರೆಯಾಗಿತ್ತು. ಕುಂಚ ಇಟ್ಟಲ್ಲಿ ಎಲೆ ತಾನಾಗಿ ಹುಟ್ಟುತ್ತಿತ್ತು. ಒಂದು ಹಸಿರಿನ ಒಳಗೆ ಇನ್ನೊಂದು ಹಸಿರು, ಅದರ ಒಳಗೆ ಮತ್ತೊಂದು. ಹಸಿವಿಲ್ಲ, ದಣಿವಿಲ್ಲ, ನಿದ್ದೆ ಬೇಕೆನ್ನಿಸುವುದಿಲ್ಲ. ಪದ್ಮ ತಂದಿಟ್ಟ ಊಟದ ಮೇಲೆ ಇರುವೆ ಹತ್ತುತ್ತಿತ್ತು. ಇಷ್ಟು ವರ್ಷ ನಾನು ಬರೆದದ್ದು ಚಿತ್ರವೇ ಅಲ್ಲ, ಈಗ ಶುರುವಾಯಿತು ಎನ್ನಿಸಿತು.

ಸುಳ್ಯದಲ್ಲಿ ನಾಟಕದ ದಿನ ಮುಂದಿನ ಪರದೆ ಸರಿದು ಹಿಂದಿನ ಕಾಡು ಕಾಣಿಸುತ್ತಲೇ, ಪಾತ್ರಧಾರಿಗಳು ಇನ್ನೂ ಒಳಗಿರುವಾಗಲೇ, ಜನ ಚಪ್ಪಾಳೆ ತಟ್ಟಿದರು. ಒಂದು ಪರದೆಗೆ ಚಪ್ಪಾಳೆ! ಪುತ್ತೂರಿಗೆ ಬಂದ ಮೇಲೂ ಅದೇ ಮಾತು. "ಮಾಸ್ಟ್ರೇ, ನಿಮ್ಮ ಕೈಯಲ್ಲಿ ಎಂತ ಕೂತಿದೆ ಮಾರಾಯ್ರೆ?" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಬಣ್ಣಗಳು ನನ್ನ ಹತ್ತಿರ ಮಾತಾಡುತ್ತಿದ್ದವು. ಅದು ಎಲ್ಲರಿಗೂ ಕೇಳಿಸದು, ಆದ್ದರಿಂದ ಯಾರಿಗೂ ಹೇಳಬಾರದು ಎಂದು ಸುಮ್ಮನಿದ್ದೆ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಬಟ್ಟೆ ಸಾಲದಾಯಿತು. ಪದ್ಮ ನೀರು ತರಲು ಹೋದಾಗ ಅವಳ ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆದು ಅಂಗಳದಲ್ಲಿ ಹಗ್ಗಕ್ಕೆ ಹರಡಿ ಬಣ್ಣ ಬಳಿದೆ. ಮದುವೆಯ ಸೀರೆಯ ಮೇಲೆ ಕುಮಾರಧಾರಾ ಹೊಳೆ ಬರೆದಿದ್ದೆ. ಅವಳು ಕೊಡಪಾನ ಇಳಿಸಿ, ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಬೈಯಲಿಲ್ಲ. ನನ್ನ ಹಣೆಗೆ ಕೈ ಇಟ್ಟು ನೋಡಿದಳು.

"ಜ್ವರ ಇಲ್ಲ" ಎಂದಳು, ತನಗೆ ತಾನೇ. ಆಮೇಲೆ ಕೇಳಿದಳು, "ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ನಿದ್ದೆ ಮಾಡುದು ಚಿತ್ರ ಬರೆಯಲಿಕ್ಕೆ ಬಾರದವರು" ಎಂದೆ. ಆ ಉತ್ತರ ನನಗೆ ಬಹಳ ಚಂದ ಕಂಡಿತ್ತು.

ಅದಾಗಿ ಒಂದು ವಾರದೊಳಗೆ, ಸಂತೆಯ ದಿನ ಬೆಳಿಗ್ಗೆ, ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸುಳ್ಯಕ್ಕೆ ಹೊರಟು ನಿಂತ ಬಸ್ಸಿನ ಹಿಂಬದಿಯ ಏಣಿ ಹತ್ತಿ ನಾನು ಮೇಲೆ ನಿಂತಿದ್ದೆ. ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ. ಆ ಬಸ್ಸಿನ ಹಸಿರು ಸುಳ್ಳು ಹಸಿರು, ಅದನ್ನು ನೋಡಿದವರ ಕಣ್ಣು ಹಾಳಾಗುತ್ತದೆ, ಸರಿಮಾಡದೆ ಬಿಡುವುದಿಲ್ಲ ಎಂದು ಕೂಗುತ್ತಿದ್ದೆ. ಮೊದಲು ಜನ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ನಗು ನಿಂತಿತು. ನಗು ನಿಂತದ್ದು ನನಗೆ ಇಂದಿಗೂ ನೆನಪಿದೆ. ಸೋಗೆ ಹೊದಿಸಿದ ಮಾಡಿನ ಮೇಲೆ ಬೀಳುತ್ತಿದ್ದ ಮಳೆ ಒಮ್ಮೆಲೇ ನಿಂತ ಹಾಗೆ.

"ಇಳಿಯಿರಿ ಮಾಸ್ಟ್ರೇ, ಬಸ್ ಬಿಡ್ಲಿಕ್ಕುಂಟು" ಎಂದು ಕಂಡಕ್ಟರು ಕೆಳಗಿನಿಂದ ಬೇಡಿಕೊಳ್ಳುತ್ತಿದ್ದ. ಯಾರೋ ಇಬ್ಬರು ಏಣಿ ಹತ್ತಲು ಬಂದರು. ನಾನು ಡಬ್ಬಿ ಎತ್ತಿ ಹಿಡಿದೆ. ಅಷ್ಟರಲ್ಲಿ ಹೆಡ್ಮಾಸ್ಟ್ರು ಬಂದರು. ಬಿಳಿ ಪಂಚೆ, ಕರಿ ಕೋಟು, ಕೈಯಲ್ಲಿ ಕೊಡೆ. ಯಾವಾಗಲೂ ಇದ್ದ ಹಾಗೆಯೇ ಇದ್ದರು.

"ಮಾಸ್ಟ್ರೇ, ಶಾಲೆಯ ಗೋಡೆಗೆ ಯಾವ ಬಣ್ಣ ಹೊಡೆಸುದು ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ. ನೀವು ಬಾರದೆ ಆಗುದಿಲ್ಲ. ಬನ್ನಿ, ಒಟ್ಟಿಗೆ ಹೋಗುವ."

ನಾನು ಇಳಿದೆ. ಅವರು ನನ್ನ ತೋಳು ಹಿಡಿಯಲಿಲ್ಲ. ಸೂರ್ಯನಿಗೆ ಅಡ್ಡವಾಗಿ ಕೊಡೆ ಬಿಚ್ಚಿ ನನ್ನ ಮೇಲೆ ಹಿಡಿದರು. ಸಂತೆಯ ಜನರ ನಡುವೆ ಆ ಕೊಡೆಯ ಕೆಳಗೆ ನಾವಿಬ್ಬರೂ ಶಾಲೆಗೆ ನಡೆದೆವು. ಊರೆಲ್ಲ ನೋಡುತ್ತಿರುವಾಗ ಒಬ್ಬ ಹುಚ್ಚನ ಜೊತೆಗೆ ಹಾಗೆ ನಡೆಯುವುದು ಎಷ್ಟು ದೊಡ್ಡ ಉಪಕಾರ ಎಂಬುದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಊರಿನಿಂದ ನನ್ನ ಅಣ್ಣ ಬಂದು ಪದ್ಮನನ್ನೂ ನನ್ನನ್ನೂ ಬೆಟ್ಟಂಪಾಡಿಯ ಮನೆಗೆ ಕರೆದೊಯ್ದ. ಅಲ್ಲಿ ಒಂದು ಕೋಣೆಗೆ ಹೊರಗಿನಿಂದ ಚಿಲಕ ಹಾಕಿದರು. ಕಾಸರಗೋಡಿನ ಕಡೆಯಿಂದ ಒಬ್ಬರು ಮಂತ್ರವಾದಿಗಳು ಬಂದು ನೂಲು ಕಟ್ಟಿದರು, ಭಸ್ಮ ಕೊಟ್ಟರು. ಯಾರನ್ನೂ ನಾನು ದೂರುವುದಿಲ್ಲ. ಪ್ರೀತಿ ಇದ್ದವರು ಗೊತ್ತಿದ್ದದ್ದನ್ನು ಮಾಡಿದರು. ಆದರೆ ಅಮ್ಮ ಮಾಡಿದ ಒಂದು ಕೆಲಸ ಆಗ ನನ್ನ ಎದೆಯನ್ನು ಸೀಳಿತು. ನನ್ನ ಕುಂಚಗಳನ್ನೆಲ್ಲ ತರಿಸಿಕೊಂಡು, ಬಚ್ಚಲೊಲೆಗೆ ಹಾಕಿದಳು. ಕೂದಲು ಸುಟ್ಟ ವಾಸನೆ ಕೋಣೆಯವರೆಗೂ ಬಂತು.

"ಇನ್ನು ಈ ಮನೆಯಲ್ಲಿ ಯಾರೂ ಚಿತ್ರ ಬರೆಯುದು ಬೇಡ" ಎಂದು ಅಮ್ಮ ಬಾಗಿಲಿನ ಆಚೆಯಿಂದ ಹೇಳಿದಳು. "ನನಗೆ ಮಗ ಬೇಕು. ಚಿತ್ರ ಬೇಡ."

ಬೇಸಗೆ ಮುಗಿಯುವ ಮೊದಲು ನಾನು ಶಾಂತನಾದೆ. ಮನೆಯವರು ಗುಣವಾಯಿತೆಂದು ತುಪ್ಪದ ದೀಪ ಹಚ್ಚಿದರು. ಅದು ಗುಣವಲ್ಲ, ಅದು ಇಳಿಜಾರು. ಆ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ, ಯಾಕೆಂದರೆ ಆಗ ಏನೂ ಇರಲಿಲ್ಲ. ಎದುರಿನ ಗೋಡೆ, ತೆಂಗಿನ ಗರಿ, ಪದ್ಮನ ಮುಖ, ಎಲ್ಲವೂ ಬೂದಿ ನೀರಿನಲ್ಲಿ ಅದ್ದಿ ತೆಗೆದ ಹಾಗೆ. ಚಾಪೆಯಿಂದ ಎದ್ದು ಕೂರುವುದಕ್ಕೂ ಯಾರೋ ಅಪ್ಪಣೆ ಕೊಡಬೇಕೇನೋ ಎಂಬಂತೆ ಬಿದ್ದಿರುತ್ತಿದ್ದೆ. ಬದುಕು ಸಾಕು ಎಂದು ದಿನವೂ ಅನ್ನಿಸುತ್ತಿತ್ತು. ಅದನ್ನು ಒಮ್ಮೆ ಪದ್ಮನ ಹತ್ತಿರ ಬಾಯಿಬಿಟ್ಟು ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು. ಈ ಬರಹದಿಂದ ಯಾರಾದರೂ ಒಂದು ಮಾತು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನೇ ಇಟ್ಟುಕೊಳ್ಳಲಿ: ಹಾಗೆ ಅನ್ನಿಸಿದಾಗ ಒಬ್ಬರಿಗಾದರೂ ಹೇಳಿ.

ಅವಳು ಆ ದಿನವೇ ಅಣ್ಣನ ಎದುರು ನಿಂತಳು. ಹೆಡ್ಮಾಸ್ಟ್ರು ನಮ್ಮನ್ನು ನೋಡಲು ಬಂದಿದ್ದಾಗ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಮನಸ್ಸಿನ ಕಾಯಿಲೆಗೆ ಮದ್ದು ಕೊಡುವ ಡಾಕ್ಟರು ಇದ್ದಾರೆಂದು ಅವಳಿಗೆ ಹೇಳಿಹೋಗಿದ್ದರು.

"ಭಾವಾ, ನಾಳೆ ಬೆಳಿಗ್ಗೆಯ ಬಸ್ಸಿಗೆ ಇವರನ್ನು ಮಂಗಳೂರಿಗೆ ಕರ್ಕೊಂಡು ಹೋಗ್ತೇನೆ. ನೀವು ಬಂದ್ರೆ ಧೈರ್ಯ. ಬಾರದಿದ್ರೂ ನಾನು ಹೋಗುದೇ."

"ಹುಚ್ಚಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು ಅಂತ ಗೊತ್ತಾದ್ರೆ ಜನ ಎಂತ ಹೇಳ್ತಾರೆ?"

"ಈಗ ಎಂತ ಹೇಳ್ತಾ ಇದ್ದಾರೆ ಅಂತ ನಿಮಗೆ ಗೊತ್ತುಂಟಲ್ಲ."

ಅಣ್ಣ ಬಂದ. ಕೊನೆಯ ಗಳಿಗೆಯಲ್ಲಿ ಅಮ್ಮನೂ ಸೀರೆ ಬದಲಿಸಿ ಹೊರಟಳು. ಪಾಣೆಮಂಗಳೂರಿನಲ್ಲಿ ತುಂಬಿದ ಹೊಳೆಯ ಸೇತುವೆ ದಾಟುವಾಗ ಅಮ್ಮ ನನ್ನ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಯಾಕೆಂದು ಆಗ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವ ಜಗಲಿ ಉದ್ದವಾಗಿತ್ತು. ಎರಡೂ ಬದಿಗೆ ಬೆಂಚು. ಕೂತವರೆಲ್ಲ ನೆಲ ನೋಡುತ್ತಿದ್ದರು. ಯಾರು ರೋಗಿ, ಯಾರು ಜೊತೆಗೆ ಬಂದವರು ಎಂದು ತಿಳಿಯದ ಹಾಗೆ ಎಲ್ಲರೂ ಒಂದೇ ರೀತಿ ಮುದುಡಿ ಕೂತಿದ್ದರು. ಊರಿನವರು ಯಾರಾದರೂ ಕಂಡಾರೆಂದು ಅಣ್ಣ ಕಂಬದ ಮರೆಗೆ ನಿಂತ. ನಮ್ಮ ಎದುರು ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು, ಪಕ್ಕದಲ್ಲಿ ತಲೆಯ ಮೇಲಿನ ಬಟ್ಟೆಯನ್ನು ಮುಖದವರೆಗೆ ಎಳೆದುಕೊಂಡ ಹುಡುಗಿ. ಆ ಹೆಂಗಸು ಸ್ವಲ್ಪವೂ ಸಂಕೋಚವಿಲ್ಲದೆ ಪದ್ಮನನ್ನು ಕೇಳಿದರು, "ನಿಮ್ಮದು ಯಾರು?"

ಪದ್ಮ ಒಮ್ಮೆ ಸುತ್ತ ನೋಡಿದಳು. ಆಮೇಲೆ ಗಟ್ಟಿಯಾಗಿ, "ಇವರು. ನನ್ನ ಗಂಡ. ಚಿತ್ರ ಬರೆಯುವವರು" ಎಂದಳು.

"ನನ್ನದು ಇವಳು, ತಂಗಿ. ಮದುವೆಮನೆಯಲ್ಲಿ ಹಾಡುವವಳು. ಇವಳು ಇಲ್ಲದೆ ನಮ್ಮ ಕಡೆ ಮದುವೆ ಇಲ್ಲ. ಹೋದ ವರ್ಷ ಹಾಡ್ಲಿಕ್ಕೆ ಶುರು ಮಾಡಿದವಳು ನಿಲ್ಲಿಸ್ಲೇ ಇಲ್ಲ. ಈಗ ಹಾಡ್ಲಿಕ್ಕೆ ಬಾಯಿ ತೆರೆಯುದಿಲ್ಲ. ಇಲ್ಲಿಯ ಮದ್ದು ಒಳ್ಳೇದುಂಟು ಅಕ್ಕಾ, ಹೆದರ್ಬೇಡಿ. ಈಗ ಊಟ ಮಾಡ್ತಾಳೆ."

ಅವರು ಸೆರಗಿನ ಗಂಟು ಬಿಚ್ಚಿ ಹುರಿದ ಹಲಸಿನ ಬೀಜ ಕೊಟ್ಟರು. ಪದ್ಮ ತೆಗೆದುಕೊಂಡಳು. ಆ ಜಗಲಿಯಲ್ಲಿ ಮೊತ್ತಮೊದಲು ಇಬ್ಬರು ಮನುಷ್ಯರು ಮಾಮೂಲಿನಂತೆ ಮಾತಾಡಿದ್ದನ್ನು ಕೇಳಿ, ಅಕ್ಕಪಕ್ಕದ ಬೆಂಚುಗಳಿಂದಲೂ ಒಂದೊಂದೇ ಮಾತು ಹೊರಟಿತು. ಅಣ್ಣ ಕಂಬದ ಮರೆಯಿಂದ ಬಂದು ಕೂತ.

ಡಾಕ್ಟರು ನಡುವಯಸ್ಸಿನವರು, ಮೆದು ಮಾತಿನವರು. ಪದ್ಮನ ಹತ್ತಿರ ಎಲ್ಲ ಕೇಳಿ, "ಮನೆತನದಲ್ಲಿ ಬೇರೆ ಯಾರಿಗಾದ್ರೂ ಹೀಗೆ ಆಗಿತ್ತಾ?" ಎಂದರು. ಅಣ್ಣ ಇಲ್ಲವೆಂದ. ಆಗ ಅಮ್ಮ ಬಾಯಿ ತೆರೆದಳು.

"ಉಂಟು. ನನ್ನ ತಮ್ಮ."

ನಮ್ಮ ಸೋದರಮಾವ ಒಬ್ಬರಿದ್ದರು, ಕಾಶಿಗೆ ಹೋದವರು ತಿರುಗಿ ಬರಲಿಲ್ಲ ಎಂದು ನಾವು ಕೇಳಿ ಬೆಳೆದಿದ್ದೆವು. ಅವರು ಹಾಡು ಕಟ್ಟುತ್ತಿದ್ದರಂತೆ. ಹೊಲದಲ್ಲಿ, ದಾರಿಯಲ್ಲಿ, ನಿಂತಲ್ಲಿ ಹಾಡು. ಎಲ್ಲರೂ ದೇವರ ವರ ಎಂದರಂತೆ. ಒಂದು ಮಳೆಗಾಲ ಹಾಡು ನಿಂತಿತು. ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿದ್ದವರು ಒಂದು ಮಧ್ಯಾಹ್ನ ತುಂಬಿದ ಹೊಳೆಗೆ ಇಳಿದರಂತೆ. ಅಮ್ಮ ಇದನ್ನೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು. ಅಣ್ಣನೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಸೇತುವೆಯ ಮೇಲೆ ಅವಳು ನನ್ನ ಕೈಯನ್ನು ಹಾಗೆ ಹಿಡಿದದ್ದು ಯಾಕೆಂದು ಆಗ ತಿಳಿಯಿತು.

"ಹಾಡು ಕಟ್ಟಿಯೇ ಅವನ ತಲೆ ಕೆಟ್ಟದ್ದು ಡಾಕ್ಟ್ರೇ. ಇವನದ್ದು ಚಿತ್ರ ಬರೆದು. ಇನ್ನು ಬರೆಯದ ಹಾಗೆ ಒಂದು ಮದ್ದು ಕೊಡಿ."

"ಅಮ್ಮಾ" ಎಂದರು ಡಾಕ್ಟರು, "ನಿಮ್ಮ ತಮ್ಮನಿಗೆ ಹಾಡು ಕಟ್ಟಿದ್ದಕ್ಕೆ ಕಾಯಿಲೆ ಬರ್ಲಿಲ್ಲ. ಕಾಯಿಲೆ ಇದ್ದೂ ಅವರು ಹಾಡು ಕಟ್ಟಿದ್ರು. ಈ ಕಾಯಿಲೆ ಲೆಕ್ಕ ಬರೆಯುವವರಿಗೂ ಬರ್ತದೆ, ದನ ಮೇಯಿಸುವವರಿಗೂ ಬರ್ತದೆ. ಅವರ ಕಥೆ ಯಾರ ಬಾಯಲ್ಲೂ ಉಳಿಯುದಿಲ್ಲ, ಅಷ್ಟೆ."

ಅಷ್ಟು ದಿನಗಳಲ್ಲಿ ಪದ್ಮನಲ್ಲದೆ ಬೇರೊಬ್ಬರ ಹತ್ತಿರ ಮೊದಲ ಬಾರಿಗೆ ನಾನಾಗಿ ಮಾತಾಡಿದೆ. "ಆದ್ರೆ ಆ ಪರದೆ? ಅಂಥದ್ದು ನಾನು ಮೊದಲು ಬರೆದಿರ್ಲಿಲ್ಲ. ಕಾಯಿಲೆಯೇ ಬರೆದದ್ದಲ್ವಾ? ಕಾಯಿಲೆ ಹೋದ್ರೆ ಕೈಯೂ ಹೋಗ್ತದೆ."

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಹೇಳಿದರು, "ಎರಡಕ್ಕೂ ಒಳಗೆಲ್ಲೋ ಒಂದು ಸಂಬಂಧ ಇರ್ಬಹುದು. ಇಲ್ಲ ಅಂತ ನಾನು ಸುಳ್ಳು ಹೇಳುದಿಲ್ಲ. ನಮಗೆ ಅಷ್ಟು ಗೊತ್ತಿಲ್ಲ. ಆದ್ರೆ ಜ್ವರ ಬಂದಾಗ ಮೈ ಕಾದಿರ್ತದೆ. ಆ ಬಿಸಿಯಲ್ಲಿ ಅನ್ನ ಬೇಯಿಸ್ಲಿಕ್ಕೆ ಆಗ್ತದಾ ಮಾಸ್ಟ್ರೇ? ಅದಕ್ಕೆ ಒಲೆಯೇ ಬೇಕು. ಒಲೆ ನಿಮ್ಮಲ್ಲಿ ಮೊದಲೇ ಇತ್ತು."

ನನ್ನನ್ನು ಅಲ್ಲೇ ಇರಿಸಿಕೊಂಡರು. ತಲೆಗೆ ಕರೆಂಟು ಕೊಡುವ ಚಿಕಿತ್ಸೆ. ಇಂದಿಗೂ ಆ ಮಾತಿಗೆ ಜನ ಬೆಚ್ಚುತ್ತಾರೆ, ಆದ್ದರಿಂದ ನೇರವಾಗಿ ಬರೆಯುತ್ತೇನೆ. ನನಗೆ ವಿಪರೀತ ಹೆದರಿಕೆಯಾಗಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸರದಿಗೆ ಕಾಯುವ ಹೊತ್ತು ಎಲ್ಲಕ್ಕಿಂತ ಕಷ್ಟ. ಬಾಗಿಲಿನ ಒಳಗೆ ಹೋದದ್ದು ನೆನಪಿರುತ್ತಿತ್ತು, ಆಮೇಲಿನದ್ದು ಇರುತ್ತಿರಲಿಲ್ಲ. ಎಚ್ಚರಾದಾಗ ತಲೆನೋವು, ಬಾಯಿ ಕಹಿ. ಪದ್ಮನ ಹೆಸರು ಹುಡುಕಬೇಕಾಗುತ್ತಿತ್ತು. ಆ ವರ್ಷದ ಕೆಲವು ಸಂಗತಿಗಳು ಅಳಿಸಿಹೋದವು, ತಿರುಗಿ ಬರಲಿಲ್ಲ. ಅದು ನಾನು ತೆತ್ತದ್ದು.

ಸಿಕ್ಕಿದ್ದನ್ನೂ ಹೇಳಬೇಕು. ಒಂದು ಮಧ್ಯಾಹ್ನ ಪದ್ಮ ಗಂಜಿ ತಂದು, ಮೇಲೆ ಮಿಡಿ ಮಾವಿನ ಉಪ್ಪಿನಕಾಯಿ ಹಾಕಿದಳು. ಬಿಳಿ ಗಂಜಿಯ ಮೇಲೆ ಕೆಂಪು ರಸ ಮೆಲ್ಲಗೆ ಹರಡಿತು. ಅಂಚಿನಲ್ಲಿ ಅದು ಕೆಂಪಲ್ಲ, ಕೇಸರಿ. ನಾನು ಉಣ್ಣದೆ ನೋಡುತ್ತ ಕೂತೆ.

"ಎಂತ ಬಿದ್ದಿದೆ ಅದರಲ್ಲಿ?" ಎಂದಳು ಪದ್ಮ.

"ಕೆಂಪು" ಎಂದೆ.

ಅವಳಿಗೆ ಅರ್ಥವಾಯಿತು. ಕಿಟಕಿಯ ಕಡೆ ತಿರುಗಿ ನಿಂತಳು. ಭುಜ ಅಲುಗುತ್ತಿತ್ತು. ಎಷ್ಟೋ ತಿಂಗಳ ಮೇಲೆ ನನಗೆ ಒಂದು ಬಣ್ಣ ಕಂಡಿತ್ತು, ಮತ್ತು ಅದು ಮಾತಾಡುತ್ತಿರಲಿಲ್ಲ. ಸುಮ್ಮನೆ ಬಣ್ಣವಾಗಿತ್ತು.

ಬಿಟ್ಟು ಕಳಿಸುವಾಗ ಹೊಸದಾಗಿ ಬಂದ ಮಾತ್ರೆಗಳನ್ನು ಕೊಟ್ಟರು. ಬೆಟ್ಟಂಪಾಡಿಗೆ ಹೋದರೆ ಅಮ್ಮನ ಹೆದರಿಕೆಯ ನಡುವೆ ನಾನೂ ಹೆದರಿಯೇನು ಎಂದು ಪದ್ಮ ನನ್ನನ್ನು ಕಡಬಕ್ಕೆ ತನ್ನ ತವರಿಗೆ ಕರೆದೊಯ್ದಳು. ಮಾವ ಮಾತು ಕಡಿಮೆಯವರು. ಅಳಿಯನ ಕಾಯಿಲೆಯ ಬಗ್ಗೆ ಒಂದಕ್ಷರ ಕೇಳಲಿಲ್ಲ. ಬೆಳಿಗ್ಗೆ ಕಾಫಿ, ಆಮೇಲೆ ಅಂಗಳದ ಕಟ್ಟೆಯ ಮೇಲೆ ನಾವಿಬ್ಬರೂ ಮಾತಿಲ್ಲದೆ ಕೂರುವುದು, ಅಷ್ಟೇ. ಮಾತ್ರೆಯಿಂದ ನನ್ನ ಕೈ ನಡುಗಲು ಶುರುವಾಗಿತ್ತು. ಲೋಟದ ಕಾಫಿ ತುಳುಕುತ್ತಿತ್ತು. ಮಾವ ಅದನ್ನು ನೋಡಿ, ಮರುದಿನದಿಂದ ನನಗೆ ಅರ್ಧ ಲೋಟ ಎರಡು ಸಲ ಕೊಡಿಸಿದರು.

ಮಳೆ ಬಿಟ್ಟ ಮೇಲೆ ಒಂದು ದಿನ ಸುಣ್ಣದ ಡಬ್ಬಿಯನ್ನೂ ತೆಂಗಿನ ನಾರಿನ ಕುಂಚವನ್ನೂ ನನ್ನ ಎದುರು ತಂದಿಟ್ಟರು. "ದನದ ಹಟ್ಟಿಯ ಗೋಡೆಗೆ ಸುಣ್ಣ ಬಳಿಯುದುಂಟು. ಬರ್ತೀರಾ?"

"ನಾನು ಕುಂಚ ಮುಟ್ಟಬಾರದು ಅಂತ ಅಮ್ಮ..."

"ಬಣ್ಣ ಬೇಡ ಅಂತ ಅವರು ಹೇಳಿದ್ದು" ಎಂದರು ಮಾವ. "ಸುಣ್ಣ ಎಂತ ಬಣ್ಣವಾ?"

ನನಗೆ ನಗು ಬಂತು. ನಗಲು ಮುಖದ ಯಾವ ಭಾಗ ಎಳೆಯಬೇಕೆಂಬುದೇ ಮರೆತಂತಿತ್ತು. ದನಗಳನ್ನು ಹೊರಗೆ ಕಟ್ಟಿ ನಾವು ಗೋಡೆ ಬಳಿದೆವು. ಅಷ್ಟು ದೊಡ್ಡ ಕುಂಚಕ್ಕೆ ಕೈಯ ನಡುಕ ಲೆಕ್ಕಕ್ಕಿರಲಿಲ್ಲ. ಒದ್ದೆ ಸುಣ್ಣ ಮೊದಲು ಮಣ್ಣಿನ ಬಣ್ಣ, ಒಣಗುತ್ತ ಬೆಳ್ಳಗೆ. ಸಂಜೆ ಹಟ್ಟಿಯೊಳಗೆ ಬೆಳಕು ಹೊಕ್ಕಂತಾಗಿತ್ತು. ಆ ದಿನ ನನಗೆ ಹಸಿವಾಗಿತ್ತು, ನಿದ್ದೆಯೂ ಬಂತು. ಸಾಧಾರಣ ಹಸಿವು, ಸಾಧಾರಣ ನಿದ್ದೆ. ಅವುಗಳ ಬೆಲೆ ಕಳೆದುಕೊಂಡವನಿಗೇ ಗೊತ್ತು.

ಹೆಡ್ಮಾಸ್ಟ್ರು ನನ್ನ ಕೆಲಸ ಉಳಿಸಿದ್ದರು. ಆಡಳಿತದವರು ಕೇಳಿದಾಗ, "ಕಾಯಿಲೆ ಅಂತ ರಜೆ. ಕಾಯಿಲೆ ಅಲ್ಲ ಅಂತ ಯಾರಾದ್ರೂ ಹೇಳ್ತೀರಾ?" ಎಂದಿದ್ದರಂತೆ. ಮರಳಿ ಶಾಲೆಗೆ ಹೋದ ದಿನ ಕರಿಹಲಗೆಯ ಮೇಲೆ ಹೂಜಿ ಬರೆಯಲು ಹೋದೆ. ಗೆರೆ ನಡುಗಿ ನಡುಗಿ ಹೂಜಿಯ ಹೊಟ್ಟೆ ಹಲಸಿನ ಸಿಪ್ಪೆಯಂತಾಯಿತು. ಯಾರಾದರೂ ಒಬ್ಬರು ನಕ್ಕಿದ್ದರೆ ಒಳ್ಳೆಯದಿತ್ತು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೂತಿತ್ತು. ಮಕ್ಕಳ ಕನಿಕರವನ್ನು ತಡೆಯುವುದು ಕಷ್ಟ.

ಮನೆಗೆ ಬಂದು ಮಾತ್ರೆಯ ಪೊಟ್ಟಣವನ್ನು ಪದ್ಮನ ಎದುರಿಟ್ಟೆ. "ಇದು ಬೇಡ. ಕೈ ಇಲ್ಲದ ಮೇಲೆ ತಲೆ ಇದ್ದು ಎಂತ ಮಾಡುದು?"

ಅವಳು ಪೊಟ್ಟಣವನ್ನು ನನ್ನ ಕಡೆಗೇ ಸರಿಸಿದಳು. "ನಿಲ್ಲಿಸುದಾದ್ರೆ ಡಾಕ್ಟ್ರಿಗೆ ಹೇಳಿ ನಿಲ್ಲಿಸುವ. ಹೇಳದೆ ನಿಲ್ಲಿಸಿದ್ರೆ ನಾನು ಕಡಬಕ್ಕೆ ಹೋಗ್ತೇನೆ, ತಿರುಗಿ ಬರುದಿಲ್ಲ. ನನಗೆ ಸೀರೆ ಹೋದದ್ದಕ್ಕೆ ಬೇಜಾರಿಲ್ಲ. ನೀವು ಇನ್ನೊಮ್ಮೆ ಗೋಡೆಗೆ ಮುಖ ಮಾಡಿ ಮಲಗಿದ್ರೆ ಅದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಹೋದೆವು. ಡಾಕ್ಟರು ನನ್ನಿಂದ ಒಂದು ಗೆರೆ ಎಳೆಸಿ ನೋಡಿದರು. ಮಾತ್ರೆ ಕಡಿಮೆ ಮಾಡಿದರು, ನಡುಕಕ್ಕೆ ಬೇರೊಂದು ಕೊಟ್ಟರು. "ಸ್ವಲ್ಪ ತಾಳ್ಮೆ ಬೇಕು" ಎಂದರು. ತಾಳ್ಮೆ ಎಂಬುದು ಆ ಬೆಂಚಿನಲ್ಲಿ ಕೂತವರೆಲ್ಲ ಕೇಳಿ ಕೇಳಿ ಬೇಸತ್ತ ಶಬ್ದ. ಆದರೆ ಬೇರೆ ಶಬ್ದವೂ ಇರಲಿಲ್ಲ. ಗೆರೆ ತಿಂಗಳಿಂದ ತಿಂಗಳಿಗೆ ಸರಿಯಾಗುತ್ತ ಬಂತು. ಪೂರ್ತಿ ಅಲ್ಲ. ಸಣ್ಣ ಕುಂಚದ ಕೆಲಸ ಬೆಳಿಗ್ಗೆ ಮಾತ್ರ ಆಗುತ್ತಿತ್ತು, ಮಧ್ಯಾಹ್ನದ ಮೇಲೆ ಕೈ ದಣಿಯುತ್ತಿತ್ತು.

ಎರಡು ವರ್ಷದ ಬಳಿಕ ಸುಳ್ಯದ ಆ ಸಂಘದ ಅಧ್ಯಕ್ಷರು ಬಂದರು. ಮರ್ಕಂಜದ ಗೌಡರು, ತೋಟ ನೋಡಿಕೊಂಡು ನಾಟಕದ ಹುಚ್ಚು ಹಚ್ಚಿಕೊಂಡವರು. ಹೊಸ ಕಾಡಿನ ಪರದೆ ಬೇಕಿತ್ತು.

"ಹಳೆಯದು ಉಂಟಲ್ಲ?" ಎಂದೆ. ಅಂಥದ್ದು ಇನ್ನು ನನ್ನಿಂದಾಗದು ಎಂದು ಅವರಿಗೆ ಹೇಗೆ ಹೇಳುವುದು?

ಗೌಡರು ಕತ್ತು ತುರಿಸಿಕೊಂಡರು. "ಹೇಳಿದ್ರೆ ಬೇಜಾರು ಮಾಡ್ಬಾರ್ದು ಮಾಸ್ಟ್ರೇ. ಅದು ಭಾರೀ ಚಂದ ಉಂಟು. ಆದ್ರೆ ಅದರ ಎದುರು ನಿಂತ್ರೆ ನಮ್ಮವರು ಯಾರೂ ಕಾಣುದಿಲ್ಲ. ಅಷ್ಟು ಎಲೆ! ಆ ದಿನ ನಾನು ರಾಜನ ವೇಷ ಹಾಕಿ ಗಂಟಲು ಹರಿಯುವಷ್ಟು ಕೂಗಿದೆ. ಜನ ಕಾಡು ನೋಡ್ತಾ ಕೂತಿದ್ರು. ಮತ್ತೆ ನಾವು ಅದನ್ನು ಬಿಚ್ಚಲೇ ಇಲ್ಲ."

ನಾನು ಅವರ ಜೊತೆ ಸುಳ್ಯಕ್ಕೆ ಹೋಗಿ ಆ ಪರದೆಯನ್ನು ಹಗಲು ಬೆಳಕಿನಲ್ಲಿ ಬಿಚ್ಚಿಸಿ ನೋಡಿದೆ. ಎಡಬದಿಯ ಒಂದು ಮೂಲೆ ನಿಜಕ್ಕೂ ಅಪೂರ್ವವಾಗಿತ್ತು. ಅಲ್ಲಿನ ಬಿಸಿಲನ್ನು ನಾನೇ ಬರೆದದ್ದೆಂದು ನಂಬಲಾಗಲಿಲ್ಲ. ಉಳಿದದ್ದು ಎಲೆಯ ಮೇಲೆ ಎಲೆ, ಅದರ ಮೇಲೆ ಎಲೆ. ಒಂದು ಕಾಲುದಾರಿ ಇಲ್ಲ. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿಲ್ಲ. ಬರೆದವನಿಗೆ ಬೇರೆ ಯಾರ ನೆನಪೂ ಇರಲಿಲ್ಲವೆಂದು ಬಟ್ಟೆಯೇ ಹೇಳುತ್ತಿತ್ತು. ಆ ಮೂಲೆಗಾಗಿ ದುಃಖವಾಯಿತು, ಸುಳ್ಳು ಹೇಳಲಾರೆ. ಅಂಥ ಬಿಸಿಲು ಮತ್ತೆ ನನ್ನ ಕುಂಚದಿಂದ ಬಂದಿಲ್ಲ. ಆದರೆ ಮರಳುವಾಗ ಬಸ್ಸಿನಲ್ಲಿ ಎದೆ ಹಗುರವಾಗಿತ್ತು.

ಹೊಸ ಪರದೆಯನ್ನು ಬೆಳಗಿನ ಹೊತ್ತು ಮಾತ್ರ ಕೂತು ಬರೆದೆ. ಹೊತ್ತಿಗೆ ಸರಿಯಾಗಿ ಉಂಡೆ, ಮಲಗಿದೆ. ನಡುವೆ ಒಂದು ಬಯಲು ಬಿಟ್ಟೆ, ಮರಗಳನ್ನು ಬದಿಗೆ ಸರಿಸಿದೆ. ನಾಟಕದ ದಿನ ಪರದೆಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೌಡರು ರಾಜನ ವೇಷದಲ್ಲಿ ಬಂದು ನಿಂತಾಗ ತಟ್ಟಿದರು. ಆ ಪರದೆ ಅನೇಕ ವರ್ಷ ಊರೂರು ತಿರುಗಿತು.

ಕಾಯಿಲೆ ಪೂರ್ತಿ ಹೋಯಿತೇ? ಇಲ್ಲ. ಅರುವತ್ತರ ದಶಕದ ನಡುವೆ ಒಮ್ಮೆ ತಲೆ ಎತ್ತಿತು. ಆದರೆ ಈ ಬಾರಿ ಮನೆಯಲ್ಲಿ ಎಲ್ಲರಿಗೂ ಅದರ ಮುಖ ಪರಿಚಯವಿತ್ತು. ನಾನು ಊಟದ ನಡುವೆ ಎದ್ದು ಹೋಗುವುದು, ಬೇಡದಷ್ಟು ಬಣ್ಣ ತರುವುದು, ಒಂದು ಮಾತು ಮುಗಿಯುವ ಮೊದಲು ಇನ್ನೊಂದಕ್ಕೆ ಹಾರುವುದು ಕಂಡು ಪದ್ಮ, "ನಾಳೆ ಮಂಗಳೂರಿಗೆ ಹೋಗಿ ಬರುವ" ಎಂದಳು, ಸಂತೆಗೆ ಹೋಗಿ ಬರುವ ಎಂಬಷ್ಟು ಸಹಜವಾಗಿ. ನನಗೆ ಸಿಟ್ಟು ಬಂತು. ಆದರೂ ಹೋದೆ. ಬಸ್ಸು ಹತ್ತಿಸಲು ಬಂದ ಅಣ್ಣ, ಎಲ್ಲರಿಗೂ ಕೇಳುವಂತೆ, "ಡಾಕ್ಟ್ರಿಗೆ ನನ್ನ ನಮಸ್ಕಾರ ಹೇಳು" ಎಂದ. ಬೇಗ ಹಿಡಿದದ್ದರಿಂದ ಬೇಗ ಇಳಿಯಿತು.

ಅಷ್ಟರಲ್ಲಿ ನಮಗೆ ಮಗಳು ಹುಟ್ಟಿದ್ದಳು. ಅವಳು ಹುಟ್ಟಿದಾಗ ಪದ್ಮನಿಗೂ ನನಗೂ ಇದ್ದ ಹೆದರಿಕೆಯನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಕೊಂಡಿರಲಿಲ್ಲ. ಅವಳಿಗೆ ಮೂರು ತುಂಬಿದ ವರ್ಷ ದೀಪಾವಳಿಗೆ ಬೆಟ್ಟಂಪಾಡಿಗೆ ಹೋಗಿದ್ದೆವು. ಬೆಳಿಗ್ಗೆ ನಾವೆಲ್ಲ ಜಗಲಿಯಲ್ಲಿ ತಿಂಡಿ ತಿನ್ನುತ್ತಿದ್ದಾಗ ಮಗು ಎಲ್ಲಿಂದಲೋ ಇದ್ದಿಲಿನ ತುಂಡು ಹಿಡಿದು ಬಂತು. ಹಬ್ಬಕ್ಕೆಂದು ಬೆಳ್ಳಗೆ ಮಾಡಿದ್ದ ಗೋಡೆಯ ಎದುರು ನಿಂತು ಗೀಚಲು ಶುರುಮಾಡಿತು. ಒಂದು ಉದ್ದ ಹೊಟ್ಟೆ, ಕೆಳಗೆ ಕಾಲುಗಳು, ಎರಡು ಕೊಂಬು.

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಪದ್ಮ ನನ್ನನ್ನು ನೋಡಿದಳು. ನಾನು ಅಮ್ಮನನ್ನು ನೋಡಿದೆ.

ಅಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಮೆಲ್ಲಗೆ ಗೋಡೆಯ ಹತ್ತಿರ ಹೋಗಿ ಮೊಮ್ಮಗಳ ಹಿಂದೆ ನಿಂತಳು. ಬಹಳ ಹೊತ್ತು ಆ ಗೆರೆಗಳನ್ನು ನೋಡಿದಳು. ಆಮೇಲೆ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಬಾಲ ಎಲ್ಲಿ ಪುಟ್ಟಾ?" ಎಂದಳು. "ಬಾಲ ಇಲ್ಲದಿದ್ರೆ ನೊಣ ಓಡಿಸುದು ಹೇಗೆ ಅದು, ಪಾಪ?"